ಬಾಣಂತಿಯ ಮೊದಲ ಹಾಲು

ಹಸು ಈದ ದಿವಸ ರೈತನ ಮನೆಯಲ್ಲಿ ನಡೆಯುವ ಉಪಚಾರವು ಎಲ್ಲರೂ ಬಲ್ಲ ಸಂಗತಿಯಾಗಿದೆ. ಕರು ಎದ್ದು ನಿಲ್ಲುವುದಕ್ಕೆ ತಡಮಾಡಿದರೆ ಮನೆಯ ಯಜಮಾನನೇ ಕೊಟ್ಟಿಗೆಗೆ ಹೋಗಿ, ಅದರ ಮೂಗುಬಾಯಿಗಳ ಲೋಳೆಯನ್ನು ಒರೆಸಿ, ಎತ್ತಿ ಹಿಡಿದು, ಅದರ ಬಾಯಿಯನ್ನು ಕೆಚ್ಚಲಿಗೆ ಹಚ್ಚುವನು. ಗಿಣ್ಣು ಕುಡಿಯದ ಕರು ಉಳಿಯುವುದು ಕಷ್ಟವೆಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಕರುವಿಗೆ ಸಾಕಾಗಿ ಮಿಕ್ಕ ಗಿಣ್ಣುಹಾಲನ್ನು ಬೆಲ್ಲ ಏಲಕ್ಕಿಗಳನ್ನು ಕೂಡಿಸಿ ಬೇಯಿಸಿ, ನೆರೆಹೊರೆಯವರಿಗೆ ಹಂಚಿ ತಿನ್ನುವರಲ್ಲದೆ, ಒಂದು ತೊಟ್ಟನ್ನೂ ನೆಲಕ್ಕೆ ಚೆಲ್ಲುವುದಿಲ್ಲ.

ಅದೇ ಮನೆಯಲ್ಲಿ ಮಗಳೋ ಸೊಸೆಯೋ ಹೆತ್ತಾಗ ನಡೆಯುವುದು ಬಹುಶಃ ಇದಕ್ಕೆ ವಿರೋಧವಾದುದು. ತಾಯಿಯ ಎದೆಯಲ್ಲಿ ಮೊದಲು ಕಾಣುವ ಹಳದಿಯ ಗಟ್ಟಿ ಹಾಲನ್ನು ಕೀವಿನಂತಿದೆಯೆಂದೋ, ಒಂಬತ್ತು ತಿಂಗಳು ಕಟ್ಟಿಕೊಂಡು ಕೆಟ್ಟ ಹಾಲೆಂದೋ ಹಿಂಡಿ ಚೆಲ್ಲುವ ಪರಿಪಾಠವು ಅನೇಕ ಗ್ರಾಮಗಳಲ್ಲಿ ಇಂದಿಗೂ ಪೂರ್ತಿಯಾಗಿ ನಿಂತಿಲ್ಲ. ಅದರ ಬದಲಾಗಿ ಒಳಲೆಯಲ್ಲಿ ಸಕ್ಕರೆಯ ನೀರು, ಜೇನುತುಪ್ಪ, ಹರಳೆಣ್ಣೆ ಇವುಗಳಲ್ಲಿ ಒಂದನ್ನು ಕೂಸಿನ ಬಾಯಿಗೆ ಬಿಡುವರು. ಹಸುವಿನ ಗಿಣ್ಣನ್ನು ಅಷ್ಟು ಜೋಪಾನವಾಗಿ ನೋಡಿಕೊಳ್ಳುವ ಜನರು ತಮ್ಮ ಮೊಮ್ಮಗನ ಪಾಲಿನ ಗಿಣ್ಣನ್ನು ಬಚ್ಚಲಿಗೆ ಸುರಿಯುವುದು ಆಶ್ಚರ್ಯಕರವೇ ಸರಿ. ಹೆತ್ತ ತಾಯಿಯನ್ನು ಹಸುವಿಗೆ ಹೋಲಿಸುವುದು ಸಲ್ಲದೆಂದು ಯಾರಾದರೂ ಬೇಸರಪಡಬಹುದು. ಆದರೆ ಹಸುವಿಗೆ ದೊರೆಯುವಷ್ಟು ವಿಚಾರವಾದರೂ ಆ ತಾಯಿಗೆ ದೊರೆತರೆ ಸಾಕೆಂಬುದೇ ಇಲ್ಲಿಯ ಅಭಿಪ್ರಾಯ.

ಈ ಎರಡು ಬಗೆಯ ಗಿಣ್ಣುಗಳಲ್ಲಿ ಒಂದು ಭೇದವುಂಟು. ಹಸುವಿನ ಗರ್ಭದಲ್ಲಿ ರೋಗವನ್ನು ತಡೆಯುವ ದ್ರವ್ಯಗಳು ತಾಯಿಯ ರಕ್ತದಿಂದ ಕರುವಿನ ರಕ್ತಕ್ಕೆ ದಾಟುವುದಿಲ್ಲ. ಕರುವು ಬರಿಗೈಯಲ್ಲಿ ಹುಟ್ಟುತ್ತದೆ. ಅದು ಆ ದ್ರವ್ಯಗಳನ್ನು ಗಿಣ್ಣಿನಿಂದಲೇ ಪಡೆಯಬೇಕು. ಅವನ್ನು ಹಾಗೆಯೇ ರಕ್ತಕ್ಕೆ ಹೀರಿಕೊಳ್ಳುವ ಶಕ್ತಿಯು ಅದರ ಕರುಳಿಗೆ ಹುಟ್ಟಿದ ಮೇಲೆ ಸುಮಾರು ೨೪ ಗಂಟೆಗಳ ಕಾಲ ಮಾತ್ರ ಇರುವುದು. ಮನುಷ್ಯನ ಕೂಸಾದರೋ ಗರ್ಭದಲ್ಲಿಯೇ ತಾಯಿಯಿಂದ ಒಂದು ಪಾಲನ್ನು ಪಡೆದು ಬರುತ್ತದೆ. ಆದುದರಿಂದ ಕರುವಿನಷ್ಟು ಬಡಪಾಯಿಯಲ್ಲ. ಆದರೆ ಅದರ ಕರುಳು ಇನ್ನೂ ಎಳೆಯದು. ತಾಯಿಯ ಮೊದಲ ಹಾಲಿನಲ್ಲಿರುವ ರಕ್ಷಕದ್ರವ್ಯವು ಆ ಕರುಳಿನ ಒಳಮೈಗೆ ಲೇಪವನ್ನು ಹಚ್ಚಿದಂತೆ ಕುಳಿತು, ಹೊರಗಿನ ರೋಗಾಣುಗಳು ಒಳಹೊಗದಂತೆ ತಡೆಯುವುದು. ಆ ಲೇಪಕ್ಕೆ ಮೊದಲು ಒಳಲೆಯ ನೀರೂ ಎಣ್ಣೆಯೂ ಹೊಟ್ಟೆ ಸೇರಿದರೆ, ಕೋಟೆಯ ಬಾಗಿಲನ್ನು ಹಾಕುವುದಕ್ಕೆ ಮುಂಚೆ ಶತ್ರುವನ್ನು ಕರೆದಂತಾಗುವುದು.

ಇದು ಬರಿಯ ಊಹೆಯಲ್ಲ. ಆಫ್ರಿಕದ ಘಾನಾ ದೇಶದ ಗ್ರಾಮಗಳಲ್ಲಿ ಸುಮಾರು ೧೧ ಸಾವಿರ ಶಿಶುಗಳ ವಿಚಾರವನ್ನು ಸಂಗ್ರಹಿಸಿ ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಎಲ್ಲ ಕೂಸುಗಳಿಗೂ ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಯುಣಿಸಿದ್ದರೆ, ಮೊದಲ ತಿಂಗಳಿನ ಮರಣಗಳಲ್ಲಿ ನೂರಕ್ಕೆ ೨೨ರಷ್ಟನ್ನು ತಪ್ಪಿಸಬಹುದಾಗಿತ್ತೆಂದು ಲೆಕ್ಕ ಹಾಕಲಾಯಿತು. ಭಾರತದ ಸ್ಥಿತಿಯೇನು? ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರಕ್ಕೆ ೮೮ಕ್ಕಿಂತ ಹೆಚ್ಚು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದವು. ಆದರೂ ಮೊದಲ ಗಂಟೆಯಲ್ಲಿ ತಾಯಿಯ ಹಾಲು ದೊರೆತುದು ನೂರಕ್ಕೆ ಸುಮಾರು ೪೨ ಕೂಸುಗಳಿಗೆ ಮಾತ್ರ. ಹೆರಿಗೆಯು ಆಸ್ಪತ್ರೆಗೆ ಹೋಯಿತು, ಹಳೆಯ ಒಳಲೆಯೂ ಬಟ್ಟೆಯ ಗಂಟಿನಲ್ಲಿ ಅದರ ಹಿಂದೆಯೇ ಹೋಯಿತೆಂದು ಹೇಳಬಹುದು.

ಇನ್ನು “ಹಾಲು ಬಂದಿಲ್ಲ” ಎಂಬ ಮಾತಿನ ವಿಚಾರ. ಈ ಮಾತು ಹುಟ್ಟುವುದು ಸಾಮಾನ್ಯವಾಗಿ ಎರಡನೆಯ ದಿನದ ರಾತ್ರಿ. ಮೊದಲ ದಿನವೆಲ್ಲ ಹೆಚ್ಚಾಗಿ ನಿದ್ರಿಸಿದ ಕೂಸು ಆ ರಾತ್ರಿ ಮೇಲಿಂದ ಮೇಲೆ ಅಳುತ್ತದೆ. ಎದೆಗೆ ಹಚ್ಚಿದರೆ ಚೀಪುತ್ತದೆ, ಬಿಟ್ಟರೆ ಮತ್ತೆ ಅಳುತ್ತದೆ. ಅಜ್ಜಿಯು ಬಾಣಂತಿಯ ಎದೆಯನ್ನು ಒತ್ತಿ ನೋಡುತ್ತಾಳೆ. ಎರಡು ಹಳದಿಯ ಹನಿಗಳು ಬರುತ್ತವೆ. “ಇವಳಿಗೆ ಹಾಲೇ ಇಲ್ಲ” ಎಂದು ತೀರ್ಪಾಗುತ್ತದೆ. ಬೆಳಗಾಗುವುದರೊಳಗಾಗಿ ಅಂಗಡಿಯಿಂದ ಪುಡಿಹಾಲಿನ ಡಬ್ಬಿಯೂ ರಬ್ಬರಿನ ತೊಟ್ಟಿನ ಬಾಟಲಿಯೂ ಬರುತ್ತವೆ. ಹೊಟ್ಟೆಬಿರಿಯ ಕುಡಿದ ಕೂಸು ನಾಲ್ಕು ಗಂಟೆಗಳ ಕಾಲ ನಿದ್ರಿಸುತ್ತದೆ, ಮನೆಯವರಿಗೆಲ್ಲ ನೆಮ್ಮದಿಯಾಗುತ್ತದೆ. ಆ ನಾಲ್ಕು ಗಂಟೆಗಳಲ್ಲಿ ತಾಯಿಯ ಎದೆಯನ್ನು ಯಾರೂ ಚೀಪಲಿಲ್ಲವೆಂಬುದನ್ನು ಮಾತ್ರ ಒಬ್ಬರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮರುದಿನ ಇನ್ನೆರಡು ಬಾಟಲಿ, ಅದರ ಮರುದಿನ ನಾಲ್ಕು. ಬಾಟಲಿಯಿಂದ ಸುಲಭವಾಗಿ ಹರಿಯುವ ಹಾಲಿಗೆ ಒಗ್ಗಿದ ಕೂಸು ಎದೆಯ ಹತ್ತಿರ ತಂದರೆ ಮುಖ ತಿರುಗಿಸುತ್ತದೆ. ಒಂದು ವಾರ ಕಳೆಯುವುದರೊಳಗೆ ಆ ಹೆಂಗಸಿಗೆ ನಿಜವಾಗಿಯೂ ಹಾಲು ಕಡಮೆಯಾಗುತ್ತದೆ. ತೀರ್ಪು ಸರಿಯಾಗಿತ್ತೆಂದು ಎಲ್ಲರೂ ನಂಬುತ್ತಾರೆ, ಅವಳೂ ನಂಬುತ್ತಾಳೆ.

ಇಲ್ಲಿ ತಪ್ಪಿದುದು ತಾಯಿಯ ಮೈಯಲ್ಲ, ಮನೆಯವರ ಲೆಕ್ಕ. ಮಾಸು ಬಿದ್ದ ಮೇಲೆ ದೇಹದಲ್ಲಿ ಹಾಲನ್ನು ತಡೆದಿದ್ದ ರಸವು ಇಳಿಯುತ್ತ ಬಂದು, ತುಂಬಿದ ಹಾಲು ಇಳಿಯುವುದು ಎರಡರಿಂದ ನಾಲ್ಕನೆಯ ದಿನದೊಳಗೆ. ಚೊಚ್ಚಲ ಹೆರಿಗೆಯಲ್ಲಿಯೂ ಹೊಟ್ಟೆ ಕೊಯ್ದು ಮಗುವನ್ನು ತೆಗೆದಾಗಲೂ ಇನ್ನೂ ಸ್ವಲ್ಪ ತಡವಾಗುವುದುಂಟು. ಅದಕ್ಕೆ ಮೊದಲು ಬರುವುದು ಗಿಣ್ಣು ಮಾತ್ರ. ಮೊದಲ ದಿನ ಒಂದು ಸಲಕ್ಕೆ ಸುಮಾರು ಒಂದು ಟೀ ಚಮಚದಷ್ಟಿದ್ದರೆ ಅದು ಕೊರತೆಯಲ್ಲ, ಕೂಸಿನ ಹೊಟ್ಟೆಗೆ ತಕ್ಕ ಅಳತೆ. ಎರಡನೆಯ ರಾತ್ರಿಯ ಅಳುವು ಬಹುಮಟ್ಟಿಗೆ ಕೂಸು ತನ್ನ ಮುಂದಿನ ದಿನಗಳ ಹಾಲನ್ನು ಚೀಪಿ ಚೀಪಿ ಕೇಳಿ ತರಿಸಿಕೊಳ್ಳುವ ರೀತಿ. ಚೀಪಿದಷ್ಟೂ ಹಾಲು ಹುಟ್ಟುವುದು. ಎದೆಯಲ್ಲಿ ನಿಂತ ಹಾಲು ಮುಂದಿನ ಹಾಲನ್ನು ತಡೆಯುವುದು. ಹಸುವನ್ನು ಬತ್ತಿಸಬೇಕಾದಾಗ ಹಿಂಡುವುದನ್ನು ನಿಲ್ಲಿಸುವ ರೈತನಿಗೆ ಈ ಸೂತ್ರವು ಹೊಸದಲ್ಲ. ಬೆದರಿದ ಹಸುವೂ ಹೊಸ ಕೈಗೆ ಸಿಕ್ಕಿದ ಹಸುವೂ ಕೆಚ್ಚಲು ತುಂಬಿದ್ದರೂ ಹಾಲನ್ನು ಇಳಿಬಿಡದೆಂಬುದನ್ನೂ ಅವನು ಬಲ್ಲನು. ಹತ್ತು ಜನರ ಮುಂದೆ ಎದೆಯನ್ನು ಹಿಂಡಿಸಿಕೊಂಡು, “ಹಾಲಿಲ್ಲದವಳು” ಎಂಬ ಹೆಸರು ಹೊತ್ತ ಹದಿಹರೆಯ ದಾಟಿದ ಹೆಣ್ಣುಮಗಳ ಸ್ಥಿತಿಯೂ ಅಷ್ಟೇ. ನೋವು, ನಾಚಿಕೆ, ಅಂಜಿಕೆ ಇವು ಹಾಲನ್ನು ಹಿಡಿದು ನಿಲ್ಲಿಸುವುವು.

ಹಾಗಾದರೆ ಕೂಸಿಗೆ ಹಾಲು ಸಾಲುತ್ತಿದೆಯೆಂದು ತಿಳಿಯುವುದು ಹೇಗೆ? ಎದೆಯನ್ನು ಹಿಂಡಿಯಲ್ಲ, ಕೂಸಿನ ಬಟ್ಟೆಯನ್ನು ನೋಡಿ. ಮೊದಲ ದಿನ ಒಂದು ಸಲ, ಎರಡನೆಯ ದಿನ ಎರಡು ಸಲ, ಮೂರನೆಯ ದಿನ ಮೂರು ಸಲವಾದರೂ ಮೂತ್ರ ಮಾಡಬೇಕು. ಐದನೆಯ ದಿನದಿಂದ ಮೇಲೆ ದಿನಕ್ಕೆ ಆರು ಸಲವಾದರೂ ಬಟ್ಟೆ ನೆನೆಯಬೇಕು. ಮೊದಲು ಕಪ್ಪಾಗಿ ಅಂಟಂಟಾಗಿದ್ದ ಮಲವು ಹಸುರಾಗಿ, ನಾಲ್ಕೈದನೆಯ ದಿನಕ್ಕೆ ಹಳದಿಯಾಗಬೇಕು. ಮೊದಲ ದಿನಗಳಲ್ಲಿ ತೂಕ ಇಳಿಯುವುದು ಸಹಜ. ಹುಟ್ಟಿದಾಗಿನ ತೂಕದಲ್ಲಿ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಇಳಿಯಬಾರದು, ಮತ್ತು ಎರಡು ವಾರಗಳೊಳಗೆ ಮೊದಲಿನ ತೂಕಕ್ಕೆ ಬರಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆಯು ೩, ೭, ೧೪, ೨೧, ೨೮, ೪೨ನೆಯ ದಿನಗಳಲ್ಲಿ ಬಂದು ಕೂಸನ್ನು ನೋಡಿ ತೂಗಬೇಕೆಂಬ ಏರ್ಪಾಡಿದೆ. ಸೂತಕವೆಂದೋ ದೃಷ್ಟಿಯಾಗುವುದೆಂದೋ ಅವಳನ್ನು ಜಗಲಿಯಿಂದಲೇ ಹಿಂದಕ್ಕೆ ಕಳುಹಿಸುವ ದೊಡ್ಡ ಮನೆಗಳು ಇಲ್ಲದಿಲ್ಲ. ಊರಿನ ಮುಖಂಡರ ಮನೆಯಲ್ಲಿ ಅವಳಿಗೆ ಮಣೆ ದೊರೆತರೆ ಉಳಿದ ಮನೆಗಳ ಬಾಗಿಲು ತಾನಾಗಿಯೇ ತೆರೆಯುವುದು.

ಮೊಲೆಯುಣಿಸುವಾಗ ತಾಯಿಗೆ ನೋವಾಗುವುದು ಬಹುಮಟ್ಟಿಗೆ ಕೂಸು ತೊಟ್ಟನ್ನು ಮಾತ್ರ ಕಚ್ಚಿ ಹಿಡಿಯುವುದರಿಂದ. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಹುಪಾಲು ಬಾಯೊಳಗೆ ಹೋಗಬೇಕು. ಬಾಯಿ ಅಗಲವಾಗಿ ತೆರೆದು, ಕೆಳದುಟಿ ಹೊರಕ್ಕೆ ಮಡಿಸಿ, ಗದ್ದವು ಎದೆಗೆ ತಾಕುತ್ತಿರಬೇಕು. ಕೂಸಿನ ತಲೆಯನ್ನು ಮಾತ್ರ ತಿರುಗಿಸದೆ ಇಡೀ ಮೈಯನ್ನು ತಾಯಿಯ ಕಡೆಗೆ ತಿರುಗಿಸಿ, ಎದೆಯನ್ನು ಕೂಸಿನ ಬಳಿಗೆ ಬಗ್ಗಿಸದೆ, ಕೂಸನ್ನೇ ಎದೆಯ ಬಳಿಗೆ ತರತಕ್ಕದ್ದು. ನೋವಾದರೆ ಕಿರುಬೆರಳನ್ನು ಬಾಯಿಯ ಅಂಚಿನಲ್ಲಿ ತೂರಿಸಿ, ಬಿಡಿಸಿ, ಮತ್ತೆ ಹಚ್ಚಬೇಕು. ತೊಟ್ಟು ಸೀಳಿದ್ದರೆ ಕಡೆಯಲ್ಲಿ ಬರುವ ಹಾಲಿನ ಹನಿಯನ್ನೇ ಸವರಿ ಗಾಳಿಗೆ ಆರಲು ಬಿಡಬಹುದು. ತೊಟ್ಟು ಒಳಸೇರಿದ ತಾಯಂದಿರೂ ಧೈರ್ಯಗೆಡಬೇಕಾದುದಿಲ್ಲ. ಕೂಸು ಕುಡಿಯುವುದು ಎದೆಯನ್ನು ಹಿಡಿದೇ ಹೊರತು ತೊಟ್ಟನ್ನಲ್ಲ. ಈ ಕೆಲಸವನ್ನು ಓದಿ ಕಲಿಯುವುದಕ್ಕಿಂತ, ತಾನೇ ಮಕ್ಕಳಿಗೆ ಹಾಲುಣಿಸಿ ಸಾಕಿದ ತಾಳ್ಮೆಯ ಹೆಂಗಸೊಬ್ಬಳು ಪಕ್ಕದಲ್ಲಿ ಕುಳಿತು ತೋರಿಸುವುದು ಮೇಲು. ದಿನಕ್ಕೆ ಎಂಟರಿಂದ ಹನ್ನೆರಡು ಸಲ, ರಾತ್ರಿಯೂ ಸೇರಿ, ಉಣಿಸಬೇಕು.

ನಾಲ್ಕನೆಯ ದಿನದ ಸುಮಾರಿಗೆ ಇದಕ್ಕೆ ವ್ಯತಿರಿಕ್ತವಾದ ತೊಂದರೆ ಬರುವುದುಂಟು. ಎದೆಗಳು ಕಲ್ಲಿನಂತೆ ಕಟ್ಟಿ, ಕೂಸಿಗೆ ಬಾಯಿಯಲ್ಲಿ ಹಿಡಿಯುವುದಕ್ಕೂ ಆಗುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಇಟ್ಟು, ಎದೆ ಮೆತ್ತಗಾಗುವಷ್ಟು ಹಾಲನ್ನು ಕೈಯಿಂದ ತೆಗೆದು, ಆಮೇಲೆ ಕೂಸಿಗೆ ಕೊಡಬೇಕು. ಉಣಿಸಿದ ಮೇಲೆ ತಣ್ಣೀರಿನ ಬಟ್ಟೆ ಹಿತವಾಗುವುದು. ಉಣಿಸುವುದನ್ನು ನಿಲ್ಲಿಸಿದರೆ ಕೆಡುಕೇ ಹೆಚ್ಚು. ಹಸುವಿಗೆ ಕೆಚ್ಚಲು ಬಾವು ಬಂದಾಗ ಹಾಲನ್ನು ಒಳಗೆ ನಿಲ್ಲಗೊಡಬಾರದೆಂಬ ತತ್ತ್ವವೇ ಇಲ್ಲಿಯದೂ. ಎದೆಯ ಒಂದು ಕಡೆ ಕೆಂಪಾಗಿ ಚಳಿಜ್ವರ ಬಂದರೆ ಡಾಕ್ಟರಿಗೆ ತೋರಿಸತಕ್ಕದ್ದು. ಆಗಲೂ ಸಾಮಾನ್ಯವಾಗಿ ಆ ಎದೆಯ ಹಾಲನ್ನೇ ಕೂಸಿಗೆ ಕೊಡಬಹುದು.

ಬಾಣಂತಿಯ ಊಟದ ವಿಷಯದಲ್ಲಿ ಮೆಂತ್ಯ, ಸಬ್ಬಸಿಗೆ, ಬೆಳ್ಳುಳ್ಳಿ ಇವುಗಳನ್ನು ಕೊಡುವ ಹಿರಿಯರೊಡನೆ ಜಗಳವಾಡಬೇಕಾದುದಿಲ್ಲ. ಆದರೆ ಮೈಗೆ ನಂಜೆಂದು ಅವಳಿಗೆ ನೀರನ್ನು ಅಳೆದು ಕೊಡುವ ಪದ್ಧತಿಯನ್ನು ಬಿಡಲೇಬೇಕು. ಬಾಯಾರಿದಷ್ಟು ನೀರು, ಹಸಿದಷ್ಟು ಅನ್ನ ಅಥವಾ ಮುದ್ದೆ, ಬೇಳೆ, ಸೊಪ್ಪು, ಹಾಲುಮೊಸರು, ಮಾಂಸ ತಿನ್ನುವ ಮನೆಗಳಲ್ಲಿ ಅದೂ ಬೇಕು. ಕೂಸಿಗೆ ಮಾತ್ರ ಎಂತಹ ಬೇಸಗೆಯಲ್ಲಿಯೂ ನೀರು ಕೊಡಕೂಡದು; ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಿನಲ್ಲಿರುವ ನೀರೇ ಸಾಕು. ಜೇನುತುಪ್ಪವು ಒಂದು ವರ್ಷದೊಳಗಿನ ಮಗುವಿಗೆ ಕ್ವಚಿತ್ತಾಗಿ ನರಗಳನ್ನು ಕುಗ್ಗಿಸುವ ವಿಷರೋಗವನ್ನು ತರಬಲ್ಲದು. ಹರಳೆಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಪಾಯಕರ.

ಜಮೀನುದಾರರ ಮನೆಗಳಲ್ಲಿ ವಿಶೇಷವಾಗಿ ಕೇಳಿಬರುವ ಒಂದು ಮಾತುಂಟು: “ಮನೆಯಲ್ಲಿ ಹಸು ಕರೆಯುತ್ತಿರುವಾಗ ಮಗುವಿಗೆ ಹಾಲಿನ ಬರವೇಕೆ?” ಹಸುವಿನ ಹಾಲು ಕರುವಿಗಾಗಿ ಹುಟ್ಟಿದುದು. ಚೆನ್ನಾಗಿ ಹಾಲುಂಡ ಕರುವಿನ ತೂಕ ಸುಮಾರು ಎರಡು ತಿಂಗಳಲ್ಲಿ ಇಮ್ಮಡಿಯಾಗುವುದು. ಮನುಷ್ಯನ ಕೂಸಿಗೆ ಅದಕ್ಕೆ ಸುಮಾರು ಐದು ತಿಂಗಳು ಬೇಕು. ಆದಕಾರಣ ಹಸುವಿನ ಹಾಲಿನಲ್ಲಿ ಮಾಂಸವನ್ನು ಬೆಳೆಸುವ ಸತ್ತ್ವವೂ ಉಪ್ಪಿನ ಅಂಶವೂ ತಾಯಿಯ ಹಾಲಿಗಿಂತ ಸುಮಾರು ಮೂರುಪಟ್ಟು ಹೆಚ್ಚು. ಎಳೆಯ ಮೂತ್ರಪಿಂಡಗಳು ಆ ಭಾರವನ್ನು ಹೊರಲಾರವು. ನೀರು ಬೆರೆಸಿ ತೆಳ್ಳಗೆ ಮಾಡಿದರೆ ಉಪ್ಪಿನೊಡನೆ ಪುಷ್ಟಿಯೂ ಇಳಿಯುವುದು, ನೀರಿನೊಡನೆ ಭೇದಿಯೂ ಬರುವುದು. ಡಬ್ಬಿಯ ಪುಡಿಹಾಲನ್ನು ಜಾಹೀರಾತು ಮಾಡುವುದನ್ನು ಭಾರತ ಸರಕಾರವು ೧೯೯೨ರ ಕಾಯಿದೆಯಿಂದಲೂ ೨೦೦೩ರ ತಿದ್ದುಪಡಿಯಿಂದಲೂ ನಿಷೇಧಿಸಿರುವುದು ಸುಮ್ಮನೆ ಅಲ್ಲ.

ಆದರೂ ಕೆಲವು ತಾಯಂದಿರಿಗೆ ನಿಜವಾಗಿಯೇ ಹಾಲು ಸಾಲದೆಂಬುದನ್ನು ಒಪ್ಪಿಕೊಳ್ಳತಕ್ಕದ್ದು. ಹೆರಿಗೆಯಲ್ಲಿ ಬಹಳ ರಕ್ತ ಹೋಗಿರಬಹುದು. ಮಾಸಿನ ತುಣುಕು ಒಳಗೆ ಉಳಿದಿರಬಹುದು. ಕತ್ತಿನ ಥೈರಾಯಿಡ್ ಗ್ರಂಥಿಯ ದೋಷವಿರಬಹುದು. ಇಂತಹವರನ್ನು ದೂಷಿಸುವುದು ಬರಗಾಲಕ್ಕೆ ಹೊಲವನ್ನು ಬಯ್ದಂತೆ. ಡಾಕ್ಟರು ಪರೀಕ್ಷಿಸಿ ಬೇರೆ ಹಾಲನ್ನು ಗೊತ್ತುಮಾಡಿದರೆ ಅದನ್ನು ಅವರು ಹೇಳಿದ ಅಳತೆಯಲ್ಲಿ, ಬಾಟಲಿಯಿಂದಲ್ಲದೆ ಕುದಿಸಿ ತೆಗೆದ ಬಟ್ಟಲು ಇಲ್ಲವೆ ಒಳಲೆಯಿಂದ ಕೊಡಬೇಕು. ಎದೆಗೆ ಹಚ್ಚುವುದನ್ನೂ ಬಿಡಬಾರದು.

ಒಳಲೆಗೆ ಅದರ ಗೌರವದ ಸ್ಥಾನವು ದೊರೆಯುವುದು ಇಲ್ಲಿಯೇ. ದಿನ ತುಂಬದೆ ಹುಟ್ಟಿದ, ಎರಡೂವರೆ ಕಿಲೋಗ್ರಾಮಿಗಿಂತ ಕಡಮೆ ತೂಗುವ ಕೂಸುಗಳಲ್ಲಿ ಕೆಲವಕ್ಕೆ ಚೀಪುವ ಬಲವಿರುವುದಿಲ್ಲ. ತಾಯಿಯು ಕೈ ತೊಳೆದು ತನ್ನ ಹಾಲನ್ನು ಶುಭ್ರವಾದ ಬಟ್ಟಲಿಗೆ ಹಿಂಡಿಕೊಡಬೇಕು. ಅದನ್ನು ಕೂಸು ನುಂಗುವುದನ್ನು ನೋಡುತ್ತ ನೋಡುತ್ತ ಒಳಲೆಯಿಂದ ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಉಳಿದ ಹೊತ್ತೆಲ್ಲ ಕೂಸನ್ನು ತಾಯಿಯ ಬರಿಯ ಎದೆಗೆ ಒತ್ತಿ ಕಟ್ಟಿಕೊಂಡರೆ ಮೈ ಬೆಚ್ಚಗಿರುವುದು, ಹಾಲೂ ಹೆಚ್ಚುವುದು. ೧೯೭೮ರಲ್ಲಿ ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ ಡಾಕ್ಟರ್ ಎಡ್ಗರ್ ರೇ ಎಂಬವರು ಆರಂಭಿಸಿದ ಈ ಕ್ರಮಕ್ಕೆ ಕಾಂಗರೂ ಆರೈಕೆಯೆಂದು ಹೆಸರು. ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿ ೨೦೧೦ರ ದಶಕದ ಉತ್ತರಾರ್ಧದಲ್ಲಿ ಇದನ್ನು ಆಸ್ಪತ್ರೆಗಳಲ್ಲಿಯೂ ಮನೆಗಳಲ್ಲಿಯೂ ವ್ಯಾಪಕವಾಗಿ ನಡೆಸಿ ನೋಡಲಾಯಿತು. ತಾಯಿ ದಣಿದಾಗ ತಂದೆಯೂ ಅಜ್ಜಿಯೂ ಕೂಸನ್ನು ಎದೆಗೆ ಕಟ್ಟಿಕೊಳ್ಳಬಹುದು. ಗಂಡಸು ಕೂಸನ್ನು ಎತ್ತಿಕೊಂಡರೆ ಮರ್ಯಾದೆಗೆ ಕುಂದೆಂದು ಭಾವಿಸುವವರು ತಾವೇ ಎಷ್ಟು ಕರುಗಳನ್ನು ಹೆಗಲ ಮೇಲೆ ಹೊತ್ತು ತಂದಿರುವರೆಂಬುದನ್ನು ನೆನೆಯಬೇಕು.

ಹೊಲಗದ್ದೆಗಳ ಒಡೆಯರು ತಮ್ಮ ಆಳುಹೆಂಗಸರ ವಿಚಾರವನ್ನೂ ಮರೆಯಬಾರದು. ಕಚೇರಿಯ ನೌಕರಿಯಲ್ಲಿರುವ ಸ್ತ್ರೀಗೆ ಕಾನೂನಿನಂತೆ ೨೬ ವಾರಗಳ ಸಂಬಳದ ರಜೆಯುಂಟು. ನಾಟಿ ಕಳೆಗಳ ಕೂಲಿಯವಳಿಗೆ ಅದು ದೊರೆಯುವುದಿಲ್ಲ. ಕೂಲಿ ತಪ್ಪುವುದೆಂಬ ಭಯದಿಂದ ಅವಳು ಹಸಿಮೈಯಲ್ಲಿ ಗದ್ದೆಗೆ ಇಳಿಯುವಳು, ಮನೆಯಲ್ಲಿ ಕೂಸಿಗೆ ಸಕ್ಕರೆನೀರಾಗುವುದು. ಮೊದಲ ತಿಂಗಳುಗಳಲ್ಲಿ ಅವಳ ಮನೆಗೆ ಕಾಳುಕಡ್ಡಿ ತಲುಪುವಂತೆ ನೋಡಿಕೊಳ್ಳುವುದೂ, ಕೆಲಸಕ್ಕೆ ಬಂದ ಮೇಲೆ ಬದುವಿನ ಮರದ ನೆರಳಿನಲ್ಲಿ ಕೂಸಿಗೊಂದು ಜೋಲಿ ಕಟ್ಟಗೊಟ್ಟು, ಹಾಲುಣಿಸುವ ಹೊತ್ತಿಗೆ ಕೂಲಿ ಮುರಿಯದಿರುವುದೂ ದೊಡ್ಡ ವೆಚ್ಚವಲ್ಲ.

ಕಡೆಯದಾಗಿ, ಅಳುವ ಕೂಸಿಗಿಂತ ಅಳದ ಕೂಸನ್ನು ಹೆಚ್ಚು ಎಚ್ಚರಿಕೆಯಿಂದ ನೋಡತಕ್ಕದ್ದು. ಹಾಲು ಸಾಲದೆ ಮೈಯ ನೀರು ಬತ್ತಿದ ಕೂಸು ಕ್ರಮೇಣ ಸುಮ್ಮನಾಗಿ ನಿದ್ರಿಸುತ್ತಲೇ ಇರುವುದು. “ಎಂತಹ ಗುಣವಂತ ಮಗು, ರಾತ್ರಿಯೆಲ್ಲ ಸದ್ದಿಲ್ಲ” ಎಂದು ಮನೆಯವರು ಹಿಗ್ಗುವರು. ಎಬ್ಬಿಸಿದರೂ ಮೊಲೆ ಹಿಡಿಯದಿರುವುದು, ಎಂಟು ಹತ್ತು ಗಂಟೆಗಳ ಕಾಲ ಬಟ್ಟೆ ನೆನೆಯದಿರುವುದು, ಮೈ ಸುಡುವುದು ಅಥವಾ ತಣ್ಣಗಾಗುವುದು, ಮಿನಿಟಿಗೆ ಅರುವತ್ತಕ್ಕೆ ಮೀರಿದ ಉಸಿರು, ಸೆಳವು, ಮೊದಲ ದಿನವೇ ಕಂಡ ಕಾಮಾಲೆ, ಅಂಗೈ ಅಂಗಾಲುಗಳವರೆಗೆ ಇಳಿದ ಹಳದಿ: ಇವುಗಳಲ್ಲಿ ಒಂದನ್ನು ಕಂಡರೂ ಬೆಳಗಾಗಲೆಂದು ಕಾಯದೆ, ತಾಯತ ಕಟ್ಟಿಸುವುದಕ್ಕೂ ಎಳೆಬಿಸಿಲಿಗೆ ಹಿಡಿಯುವುದಕ್ಕೂ ನಿಲ್ಲದೆ ೧೦೮ಕ್ಕೆ ಕರೆಮಾಡಬೇಕು, ಇಲ್ಲವೆ ಊರಿನಲ್ಲಿ ಯಾರ ವಾಹನವಿದೆಯೋ ಅದನ್ನು ಹೊರಡಿಸಬೇಕು. ಕೂಸನ್ನು ಬೇರೆ ಬಟ್ಟೆಯಲ್ಲಿ ಸುತ್ತಿ ಇನ್ನೊಬ್ಬರ ಕೈಗೆ ಕೊಡದೆ, ತಾಯಿಯ ಸೆರಗಿನೊಳಗೆ ಅವಳ ಎದೆಗೆ ಮೈತಾಗುವಂತೆ ಇಟ್ಟು, ತಲೆಗೆ ಟೋಪಿ ಹಾಕಿ ಕರೆದೊಯ್ಯಬೇಕು. ಎಚ್ಚರವಿದ್ದು ನುಂಗುವಂತಿದ್ದರೆ ದಾರಿಯಲ್ಲಿಯೂ ಎದೆಗೆ ಹಚ್ಚುತ್ತಿರಬೇಕು. ನುಂಗದ ಕೂಸಿನ ಬಾಯಿಗೆ ಏನನ್ನೂ ಹಾಕಕೂಡದು.